ಫ್ರೀ ಬಸ್ಸಿನಲ್ಲಿ ಕಂಠೀರವಕ್ಕೆ

ನಮ್ಮ ಮನೆಯಲ್ಲಿ ‘ಕಂಠೀರವ ಸ್ಟೇಡಿಯಂ’ ಅಂದರೆ ಅಳುವ ಜಾಗ. 2021ರ ಅಕ್ಟೋಬರ್ ಕೊನೆಯಲ್ಲಿ ಅಪ್ಪು ತೀರಿಕೊಂಡ ಸುದ್ದಿ ಬಂದಾಗ ಅಪ್ಪ, ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ಹತ್ತಿರದ ತನ್ನ ಟೀ ಅಂಗಡಿಗೆ ಬೀಗ ಹಾಕಿ, ಇನ್ನೂ ಮೂವರನ್ನು ಜೊತೆ ಮಾಡಿಕೊಂಡು ರಾತ್ರೋರಾತ್ರಿ ಬೆಂಗಳೂರಿಗೆ ಹೊರಟಿದ್ದ. ಗಾಜನೂರು ಗಡಿಯಾಚೆ ತಮಿಳುನಾಡಿನಲ್ಲಿದ್ದರೂ ರಾಜ್‌ಕುಮಾರ್ ಮನೆಯವರು ‘ನಮ್ಮ ಕಡೆಯವರು’ ಅನ್ನುವುದು ಚಾಮರಾಜನಗರ ಜಿಲ್ಲೆಯವರ ಹಕ್ಕು. ಕಂಠೀರವದ ಹೊರಗೆ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, ಒಳಗೆ ಒಂದೇ ಒಂದು ಕ್ಷಣ ಮುಖ ನೋಡಿ ವಾಪಸ್ ಬಂದ ಅಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಹಾಗಾಗಿ ಕಳೆದ ವರ್ಷ ಮಾರ್ಚ್‌ನಲ್ಲಿ ನಾನು ‘ಕಂಠೀರವಕ್ಕೆ ಹೋಗಬೇಕು, ಫುಟ್‌ಬಾಲ್ ಮ್ಯಾಚ್ ಇದೆ’ ಅಂದಾಗ ಅಪ್ಪ ಗ್ಲಾಸು ತೊಳೆಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದ.

‘ಅಲ್ಲೇನ್ ಆಟ ಆಡಾರು ಕೂಸು? ಅದು ಅಪ್ಪುನ ಮಲಗ್ಸಿದ್ ಜಾಗ ಕನಾ.’

ಅವ್ವನ ಚಿಂತೆ ಬೇರೆ. ‘ಹೆಣ್ಣ್ ಮಗ ರಾತ್ರಿ ಮ್ಯಾಚ್ ನೋಡ್ಕಂಡು ಎಷ್ಟೊತ್ಗೆ ಬಂದಾಳು?’

ಇಬ್ಬರಿಗೂ ಉತ್ತರ ಹೇಳುವ ಮೊದಲು, ಗುಂಡ್ಲುಪೇಟೆಯ ಹುಡುಗಿಗೆ ಫುಟ್‌ಬಾಲಿನ ಹುಚ್ಚು ಹಿಡಿದದ್ದು ಹೇಗೆ ಎಂದು ನಿಮಗೆ ಹೇಳಿಬಿಡುತ್ತೇನೆ.

ಹಳದಿ ಊರಿನ ನೀಲಿ ಹುಡುಗಿ

ನಮ್ಮೂರಿಗೆ ಫುಟ್‌ಬಾಲ್ ಬಂದದ್ದು ಕೇರಳದ ದಾರಿಯಿಂದ. ಗುಂಡ್ಲುಪೇಟೆ ಎರಡು ಕಾಡುದಾರಿಗಳು ಕೂಡುವ ಊರು. ಒಂದು ಬಂಡೀಪುರದ ಮೂಲಕ ಊಟಿಗೆ ಹೋಗುತ್ತದೆ, ಇನ್ನೊಂದು ಮದ್ದೂರು ಚೆಕ್‌ಪೋಸ್ಟ್ ದಾಟಿ ಸುಲ್ತಾನ್ ಬತ್ತೇರಿ, ಕಲ್ಲಿಕೋಟೆ ಕಡೆಗೆ. ನಮ್ಮ ಹೊಲಗಳ ತರಕಾರಿ ಆ ದಾರಿಯಲ್ಲೇ ಲಾರಿ ಹತ್ತುತ್ತದೆ. ಓಣಂ ಹತ್ತಿರ ಬಂದರೆ ನಮ್ಮ ಚೆಂಡು ಹೂವಿನ ಹೊಲ, ಸೂರ್ಯಕಾಂತಿ ಹೊಲಗಳಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಅಲ್ಲಿಂದ ಕಾರುಗಟ್ಟಲೆ ಜನ ಬರುತ್ತಾರೆ. ಅಪ್ಪನ ಅಂಗಡಿಯಲ್ಲಿ ಅರ್ಧ ಗಿರಾಕಿಗಳು ಮಲಯಾಳಿ ಡ್ರೈವರ್‌ಗಳು. ನಾನು ಮಲಯಾಳ ಕಲಿತದ್ದು ಅವರಿಂದ, ಆಫ್‌ಸೈಡ್ ಅಂದರೇನು ಎಂದು ಕಲಿತದ್ದೂ ಅವರ ಮೊಬೈಲ್ ಪರದೆಯಿಂದ.

ಬೆಂಗಳೂರಿನಲ್ಲಿ ಕೇರಳ ಬ್ಲಾಸ್ಟರ್ಸ್ ಪಂದ್ಯ ಇದ್ದ ದಿನ ನಮ್ಮೂರಿನ ಮೂಲಕ ಹಳದಿ ಜೆರ್ಸಿಗಳ ಮೆರವಣಿಗೆಯೇ ಸಾಗುತ್ತದೆ. ಬರುವಾಗ ಕಿಟಕಿಯಿಂದ ಬಾವುಟ ಹಾರಿಸುತ್ತಾ ಬರುತ್ತಾರೆ. ವಾಪಸ್ ಹೋಗುವಾಗ ಮಾತ್ರ ನಮ್ಮೂರಿನಲ್ಲಿ ನಿಲ್ಲಲೇಬೇಕು. ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. 2009ರಿಂದ ಇರುವ ನಿಯಮ ಇದು. ಮ್ಯಾಚ್ ಮುಗಿಸಿ ನಸುಕಿಗೆ ಬಂದವರು ಗೇಟು ತೆಗೆಯುವವರೆಗೆ ಟೀ ಕುಡಿಯುತ್ತಾ, ಸೋತಿದ್ದರೆ ಬೈಯುತ್ತಾ ಕೂರುತ್ತಾರೆ.

2023ರ ಮಾರ್ಚ್ 4ರ ಮುಂಜಾನೆ ಹಾಗೇ ಆಯಿತು. ನನಗೆ ಸೆಕೆಂಡ್ ಪಿಯುಸಿ ಪರೀಕ್ಷೆಗೆ ಐದೇ ದಿನ ಬಾಕಿ. ಅಪ್ಪನ ಜೊತೆ ಅಂಗಡಿ ತೆಗೆದು, ಸ್ಟೌವ್ ಪಕ್ಕದಲ್ಲೇ ಕೂತು ಅಕೌಂಟೆನ್ಸಿ ಓದುತ್ತಿದ್ದೆ. ಹಳದಿ ಅಂಗಿಯ ಏಳೆಂಟು ಹುಡುಗರು ಬಂದು ಕೂತರು. ಹಿಂದಿನ ರಾತ್ರಿ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳದ ನಡುವೆ ನಾಕೌಟ್ ಪಂದ್ಯ ನಡೆದಿತ್ತು. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿಗೆ ಸಿಕ್ಕ ಫ್ರೀಕಿಕ್ ಅನ್ನು, ಕೇರಳದವರು ಗೋಡೆ ಕಟ್ಟಿಕೊಳ್ಳುವ ಮೊದಲೇ ಸುನಿಲ್ ಚೆಟ್ರಿ ಗೋಲಿಗೆ ಹೊಡೆದುಬಿಟ್ಟಿದ್ದರು. ರೆಫ್ರಿ ಅದನ್ನು ಗೋಲು ಎಂದರು. ಕೇರಳ ತಂಡ ಆಟವನ್ನೇ ಬಿಟ್ಟು ಹೊರನಡೆಯಿತು. ಬೆಂಗಳೂರು ಸೆಮಿಫೈನಲ್‌ಗೆ ಹೋಯಿತು.

ಆ ಹುಡುಗರು ಚೆಟ್ರಿಯನ್ನು ಬೈದ ಪರಿ ಇಲ್ಲಿ ಬರೆಯುವಂಥದ್ದಲ್ಲ. ಅವರಲ್ಲೊಬ್ಬ ನನ್ನ ಕಡೆ ತಿರುಗಿ, ‘ಮೋಳೇ, ನೀನು ಯಾವ ಟೀಮು?’ ಎಂದು ಕೇಳಿದ. ಹಟಕ್ಕೆ ‘ಬೆಂಗಳೂರು’ ಅಂದೆ. ನಿಜ ಹೇಳಬೇಕೆಂದರೆ ಬೆಂಗಳೂರಿಗೂ ಇಂಥದ್ದೊಂದು ಫುಟ್‌ಬಾಲ್ ತಂಡ ಇದೆ ಎಂದು ನನಗೆ ಸರಿಯಾಗಿ ಗೊತ್ತಾಗಿದ್ದೇ ಅವರ ಬೈಗುಳದಿಂದ!

ಅದೇ ದಿನ ದೂರದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ನಂತರ ಸಿಕ್ಕ ಕಪ್ ಅದು. ಹಿಂದೆ ಮೈಸೂರು ರಾಜ್ಯ ಎಂಬ ಹೆಸರಿದ್ದಾಗ 1968–69ರಲ್ಲಿ ಗೆದ್ದದ್ದೇ ಕೊನೆಯಾಗಿತ್ತು. ನಮ್ಮ ರಾಜ್ಯಕ್ಕೂ ಫುಟ್‌ಬಾಲಿನ ಚರಿತ್ರೆ ಇದೆ ಎಂದು ತಿಳಿದ ಮೇಲೆ ಹಟ ಅಭಿಮಾನವಾಯಿತು.

ಓದುತ್ತಾ ಹೋದೆ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಜೆಎಸ್‌ಡಬ್ಲ್ಯು ಸಂಸ್ಥೆ ಕಟ್ಟಿದ ತಂಡ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಆಗ ಆಡುತ್ತಿದ್ದದ್ದು ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಅಲ್ಲಿಯ ಪಶ್ಚಿಮ ದಿಕ್ಕಿನ ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದ ಅಭಿಮಾನಿಗಳೇ ‘ವೆಸ್ಟ್ ಬ್ಲಾಕ್ ಬ್ಲೂಸ್’. ತಂಡ ಕಂಠೀರವಕ್ಕೆ ಬಂದಾಗ ಅವರು ಆ ಹೆಸರನ್ನೂ ಹೊತ್ತು ತಂದರು. 2016ರಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು ಇದೇ ಕಂಠೀರವದಲ್ಲಿ 3–1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಅನ್ನಿಸಿಕೊಂಡಿತು. 2019ರಲ್ಲಿ ಐಎಸ್‌ಎಲ್ ಕಪ್ ಗೆದ್ದದ್ದು ಮುಂಬೈನಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಕಂಠೀರವದಲ್ಲೇ ನಡೆದ ಫೈನಲ್‌ನಲ್ಲಿ ಚೆನ್ನೈಯಿನ್ ಎದುರು 3–2ರಿಂದ ಸೋತಿತ್ತು. ತವರಿನಲ್ಲಿ ಐಎಸ್‌ಎಲ್ ಕಪ್ ಎತ್ತುವುದು ಇವತ್ತಿಗೂ ಬಾಕಿ ಇದೆ.

ಒಂದು ಸುತ್ತು ಅಂದರೆ ನನ್ನ ನೌಕರಿ

2025ರ ಮಾರ್ಚ್ 29, ಶನಿವಾರ. ಮಾರನೇ ದಿನ ಯುಗಾದಿ. ಕಂಠೀರವದಲ್ಲಿ ಮುಂಬೈ ಸಿಟಿ ವಿರುದ್ಧ ನಾಕೌಟ್ ಪಂದ್ಯ, ಸೋತವರು ಮನೆಗೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಚಿಕ್ಕಮ್ಮನ ಮಗ ಹಬ್ಬಕ್ಕೆ ಊರಿಗೆ ಬರುವವನಿದ್ದ. ‘ಅಣ್ಣನ ಜೊತೆ ಮ್ಯಾಚ್ ನೋಡಿ, ಅಣ್ಣನ ಜೊತೆಗೇ ರಾತ್ರಿ ಬಸ್ಸಿಗೆ ಬಂದುಬಿಡ್ತೀನಿ, ಎಣ್ಣೆ ಸ್ನಾನಕ್ಕೆ ಮನೇಲಿರ್ತೀನಿ’ ಎಂದು ಅವ್ವನಿಗೆ ಮಾತು ಕೊಟ್ಟೆ. ಪಕ್ಕದ ಮನೆ ಮಕ್ಕಳಿಗೆ ಟ್ಯೂಷನ್ ಹೇಳಿದ ದುಡ್ಡಿನಲ್ಲಿ ಕಡಿಮೆ ದರದ ಟಿಕೆಟ್ ಆಯಿತು. ಬಸ್ ಚಾರ್ಜಿನ ಮಾತೇ ಇಲ್ಲ. ಶಕ್ತಿ ಯೋಜನೆಯ ಪುಣ್ಯ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. 2023ರ ಜೂನ್‌ಗೆ ಮೊದಲಾಗಿದ್ದರೆ 200 ಕಿಲೊಮೀಟರ್ ದೂರದ ಸ್ಟೇಡಿಯಂ ನನ್ನಂಥವಳಿಗೆ ಮೊಬೈಲಿನಲ್ಲೇ ಉಳಿದುಬಿಡುತ್ತಿತ್ತು.

ಗುಂಡ್ಲುಪೇಟೆಯಿಂದ ಮೈಸೂರು, ಮೈಸೂರಿನಿಂದ ಸ್ಯಾಟಲೈಟ್ ಬಸ್‌ಸ್ಟ್ಯಾಂಡ್, ಅಲ್ಲಿಂದ ಮೆಟ್ರೊ. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಮರಗಳ ಕೆಳಗೆ ನಡೆಯುವಾಗಲೇ ಡ್ರಮ್ಮಿನ ಸದ್ದು ಕೇಳಿಸಿತು. ಎದೆ ಹೊಡೆದುಕೊಂಡಿತು.

ಒಳಗೆ ಹೋದವಳು ಮೊದಲು ನೋಡಿದ್ದು ಹುಲ್ಲನ್ನಲ್ಲ, ಅದರ ಸುತ್ತ ಇರುವ ಓಟದ ಟ್ರ್ಯಾಕನ್ನು. ಅದಕ್ಕೂ ಕಾರಣ ಇದೆ. ನಾನು ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಿ ಮಾಡುತ್ತಿದ್ದೇನೆ. ದೈಹಿಕ ಪರೀಕ್ಷೆಯಲ್ಲಿ ಹುಡುಗಿಯರು 400 ಮೀಟರನ್ನು 2 ನಿಮಿಷದೊಳಗೆ ಓಡಬೇಕು. ಹುಡುಗರಿಗೆ 1,600 ಮೀಟರ್, ಆರೂವರೆ ನಿಮಿಷ. ಊರ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಗೆರೆ ಹಾಕಿಕೊಂಡು ಗೆಳತಿಯರ ಜೊತೆ ಮುಂಜಾನೆ ಓಡುತ್ತೇನೆ. ಭಾನುವಾರ ಅನುಕೂಲವಾದರೆ ಚಾಮರಾಜನಗರದ ಜಿಲ್ಲಾ ಕ್ರೀಡಾಂಗಣಕ್ಕೆ ಹೋಗುತ್ತೇವೆ. ಅಂಥವಳ ಕಣ್ಣಿಗೆ ಕಂಠೀರವದ ಕೆಂಪು ಟ್ರ್ಯಾಕ್ ಬಿದ್ದರೆ ಏನಾಗಬೇಡ! ಒಂದು ಸುತ್ತು ಅಂದರೆ ಸರಿಯಾಗಿ 400 ಮೀಟರ್. ಒಂದು ಸುತ್ತು ಅಂದರೆ ನನ್ನ ನೌಕರಿ.

‘ಈ ಟ್ರ್ಯಾಕ್ ಇರೋದ್ರಿಂದ್ಲೇ ಆಟಗಾರರು ದೂರ ಕಾಣ್ತಾರೆ. ಫುಟ್‌ಬಾಲಿಗೇ ಅಂತ ಕಟ್ಟಿದ್ ಸ್ಟೇಡಿಯಂ ಆದ್ರೆ ಜನ ಗೆರೆ ಪಕ್ಕದಲ್ಲೇ ಇರ್ತಾರೆ’ ಎಂದು ಅಣ್ಣ ಗೊಣಗಿದ. ಅವನ ಮಾತು ಸುಳ್ಳಲ್ಲ. ಆದರೆ ಅಥ್ಲೀಟುಗಳಿಗೂ ಒಂದು ಮಾತಿದೆ. ಮ್ಯಾಚ್ ಇದ್ದ ದಿನ ತಮಗೆ ಅಭ್ಯಾಸ ತಪ್ಪುತ್ತದೆ, ಇದು ರಾಜ್ಯ ಸರ್ಕಾರ ಅಥ್ಲೆಟಿಕ್ಸ್‌ಗೆಂದು ಇಟ್ಟ ಜಾಗ ಎಂದು ಅವರು ಹೇಳುತ್ತಾ ಬಂದಿದ್ದಾರೆ. ಈ ಜಗಳ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿತ್ತು. ನೀಲಿ ಜೆರ್ಸಿ ಹಾಕಿಕೊಂಡು, ಕಣ್ಣನ್ನು ಟ್ರ್ಯಾಕ್ ಮೇಲಿಟ್ಟು ಕೂತಿದ್ದ ನನಗೆ ಎರಡೂ ಕಡೆಯವರು ಸರಿ ಅನ್ನಿಸಿತು. ತಪ್ಪಿರುವುದು ಮೈದಾನಗಳ ಲೆಕ್ಕದಲ್ಲಿ. ಇಷ್ಟು ದೊಡ್ಡ ಊರಿನಲ್ಲಿ ಓಡುವವರಿಗೂ ಒದೆಯುವವರಿಗೂ ಒಂದೇ ಜಾಗ ಇದ್ದರೆ ಜಗಳವಾಗದೆ ಇನ್ನೇನು?

ಪಂದ್ಯದ ಬಗ್ಗೆ ಏನು ಹೇಳಲಿ! 5–0. ಸುರೇಶ್ ಸಿಂಗ್ ಶುರುವಿನಲ್ಲೇ ಮೊದಲ ಗೋಲು ಹೊಡೆದರು. ಎಡ್ಗರ್ ಮೆಂಡೆಜ್, ರಯಾನ್ ವಿಲಿಯಮ್ಸ್, ಪೆರೇರಾ ಡಿಯಾಜ್ ಒಂದೊಂದು. ನಡುವೆ 40 ವರ್ಷದ ಚೆಟ್ರಿಯದೂ ಒಂದು. ಅದು ಬಿದ್ದಾಗ ನನ್ನ ಪಕ್ಕದಲ್ಲಿದ್ದ, ಹೆಸರೇ ಗೊತ್ತಿಲ್ಲದ ಆಂಟಿಯೊಬ್ಬರು ನನ್ನನ್ನು ತಬ್ಬಿಕೊಂಡು ಕುಣಿದರು. ಪಶ್ಚಿಮದ ಗ್ಯಾಲರಿಯಲ್ಲಿ ಡ್ರಮ್ಮು ನಿಲ್ಲಲೇ ಇಲ್ಲ. ತಮಿಳು, ಮಣಿಪುರಿ, ಹಿಂದಿ ಮಾತಾಡುವವರೆಲ್ಲ ಸೇರಿ ಕನ್ನಡದಲ್ಲಿ ಊರಿನ ಹೆಸರು ಹೇಳಿ ಕೂಗುವುದನ್ನು ಕೇಳಿದಾಗ, ಇದೇ ಜಾಗದಲ್ಲಿ ಅಪ್ಪ ಅತ್ತದ್ದು ನೆನಪಾಯಿತು. ಜನ ಒಟ್ಟಿಗೆ ಅಳಲು ಒಂದು ಜಾಗ ಬೇಕಾದ ಹಾಗೆ ಒಟ್ಟಿಗೆ ಕಿರುಚಲೂ ಒಂದು ಜಾಗ ಬೇಕು.

ಸ್ಯಾಟಲೈಟ್ ಬಸ್‌ಸ್ಟ್ಯಾಂಡಿನಲ್ಲಿ ಹಬ್ಬದ ನೂಕುನುಗ್ಗಲು. ಮೈಸೂರಿನವರೆಗೆ ನಿಂತೇ ಬಂದೆವು. ಅಲ್ಲಿ ಬೆಂಚಿನ ಮೇಲೆ ತೂಕಡಿಸಿ, ಬೆಳಗಿನ ಮೊದಲ ಬಸ್ಸು ಹಿಡಿದು, ನಂಜನಗೂಡು ದಾಟುವಾಗ ಆಕಾಶ ಕೆಂಪಾಗುತ್ತಿತ್ತು. ಬಸ್ಸಿನ ತುಂಬಾ ಮಾವಿನ ಸೊಪ್ಪು, ಬೇವಿನ ಸೊಪ್ಪಿನ ವಾಸನೆ. ಎಣ್ಣೆ ಸ್ನಾನದ ಹೊತ್ತಿಗೆ ಮನೆಯಲ್ಲಿದ್ದೆ. ಮಾತು ಉಳಿಸಿಕೊಂಡೆ.

ಅವತ್ತು ತಿಂದ ಬೆಲ್ಲ ಒಂದು ವಾರ ಬಾಯಲ್ಲಿತ್ತು. ಏಪ್ರಿಲ್ 2ರಂದು ಅದೇ ಕಂಠೀರವದಲ್ಲಿ ಗೋವಾ ಮೇಲೆ 2–0. ಏಪ್ರಿಲ್ 6ರಂದು ಗೋವಾದಲ್ಲಿ ಸೋಲು ಹತ್ತಿರವಾಗಿದ್ದಾಗ ಕೊನೇ ಗಳಿಗೆಯಲ್ಲಿ ಚೆಟ್ರಿ ತಲೆಯಿಂದ ಹೊಡೆದ ಗೋಲು ನಮ್ಮನ್ನು ಫೈನಲ್‌ಗೆ ಕರೆದೊಯ್ದಿತು. ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಬೇವಿನ ಸರದಿ. ಮೋಹನ್ ಬಾಗನ್ ಎದುರು ಮುಂದಿದ್ದವರು ಹೆಚ್ಚುವರಿ ಸಮಯದಲ್ಲಿ 2–1ರಿಂದ ಸೋತೆವು. ‘ಇವತ್ತು ಅಣ್ಣಾವ್ರು ಹೋದ ದಿನ, ಗೆಲ್ಲಾದು ಎಲ್ಲಿಂದ ಬಂದದು’ ಅಂದ ಅಪ್ಪ. ಅಂಗಡಿಗೆ ಬಂದ ಮಲಯಾಳಿಗಳಿಗೆ ಮರುದಿನವೇ ಓಣಂ!

ಸೀಸನ್‌ಗೂ ನೋಟಿಫಿಕೇಶನ್ ಬೇಕು

ಸೋಲು ದೊಡ್ಡದಲ್ಲ, ಮುಂದಿನ ವರ್ಷ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಆ ‘ಮುಂದಿನ ವರ್ಷ’ವೇ ಬರದೆ ಹೋಗಬಹುದು ಎಂದು ಯಾರಿಗೆ ಗೊತ್ತಿತ್ತು?

ಜುಲೈ 11ರಂದು ಐಎಸ್‌ಎಲ್ ನಡೆಸುವ ಸಂಸ್ಥೆ, ಹೊಸ ಸೀಸನ್ ತಡೆಹಿಡಿದಿದ್ದೇವೆ ಎಂದು ಹೇಳಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಜೊತೆಗಿನ ಅದರ 15 ವರ್ಷಗಳ ಒಪ್ಪಂದ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಮುಂದೇನು ಎಂಬುದು ತೀರ್ಮಾನವಾಗದೆ ಪಂದ್ಯ ಹೇಗೆ ಆಡಿಸುವುದು? ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಚೆಟ್ರಿಯಂಥವರ ಸಂಬಳವೇ ನಿಂತರೆ, ಬೂಟು ಒರೆಸುವ, ಚೆಂಡಿನ ಚೀಲ ಹೊರುವ, ಆಟಗಾರರ ಕಾಲು ನೀವುವ ಜನರ ಮನೆಯ ಗತಿ ಏನು? ನವೆಂಬರ್‌ನಲ್ಲಿ ಫೆಡರೇಷನ್ ಕರೆದ ಟೆಂಡರ್‌ಗೆ ಒಂದೇ ಒಂದು ಬಿಡ್ ಬರಲಿಲ್ಲ.

ಈ ಸುದ್ದಿಗಳನ್ನು ಓದುವಾಗ ಎಲ್ಲೋ ಕೇಳಿದ ಕಥೆ ಅನ್ನಿಸುತ್ತಿತ್ತು. ಆಮೇಲೆ ಹೊಳೆಯಿತು, ಇದು ನಮ್ಮದೇ ಕಥೆ! ಒಳಮೀಸಲಾತಿ ವಿಷಯ ಇತ್ಯರ್ಥವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದು 2024ರ ಕೊನೆಯಲ್ಲಿ ಸರ್ಕಾರ ತೀರ್ಮಾನಿಸಿದ ಮೇಲೆ ನಮ್ಮ ಓದುವ ಕೋಣೆಗಳಲ್ಲೂ ಇದೇ ಪ್ರಶ್ನೆ: ಯಾವಾಗ? ಮುಂಜಾನೆ ಮೈದಾನದಲ್ಲಿ ಓಡುವವರ ಸಂಖ್ಯೆ ತಿಂಗಳು ತಿಂಗಳಿಗೂ ಇಳಿಯಿತು. ಒಬ್ಬಳಿಗೆ ಮದುವೆ ಗೊತ್ತಾಯಿತು. ಇನ್ನೊಬ್ಬಳು ನಂಜನಗೂಡಿನ ಕಾರ್ಖಾನೆಗೆ ಸೇರಿದಳು. ಯಾರೂ ಸೋತು ಬಿಟ್ಟವರಲ್ಲ. ಪರೀಕ್ಷೆಯಲ್ಲಿ ಫೇಲಾದರೆ ಮತ್ತೆ ಬರೆಯಬಹುದು, ಪರೀಕ್ಷೆಯೇ ಇಲ್ಲದಿದ್ದರೆ?

ಆಟಗಾರನ ಕಾಲಿಗೂ ನಮ್ಮ ಕಾಲಿಗೂ ವಯಸ್ಸು ಕಾಯುವುದಿಲ್ಲ. ಅವನಿಗೆ ಮೊಣಕಾಲು, ನಮಗೆ ವಯೋಮಿತಿ. ಒಂದು ವರ್ಷ ಸುಮ್ಮನೆ ಹೋದರೆ ಯಾರೂ ಅದನ್ನು ಲೆಕ್ಕಕ್ಕೆ ಸೇರಿಸಿ ವಾಪಸ್ ಕೊಡುವುದಿಲ್ಲ. ಅಭಿಮಾನಿಗಳು ಕಪ್ ಬಿಟ್ಟು, ‘ದಿನಾಂಕ ಕೊಡಿ’ ಎಂದು ಕೇಳತೊಡಗಿದ್ದು ಆಗಲೇ. ಆಸೆ ಇಟ್ಟುಕೊಳ್ಳಲಿಕ್ಕೂ ಕ್ಯಾಲೆಂಡರಿನಲ್ಲಿ ಒಂದು ಚೌಕ ಬೇಕು ಎಂಬುದು ಕಳೆದ ವರ್ಷ ನಾನು ಕಲಿತ ಪಾಠ.

ಹದಿಮೂರು ಪಂದ್ಯಗಳ ಆಸೆ

ಕೊನೆಗೂ ಈ ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವರು ದಿನಾಂಕ ಹೇಳಿದರು: ಫೆಬ್ರುವರಿ 14. 14 ತಂಡಗಳು, ಒಟ್ಟು 91 ಪಂದ್ಯ. ಪ್ರತಿ ತಂಡ ಇನ್ನೊಂದು ತಂಡವನ್ನು ಒಂದೇ ಸಲ ಎದುರಿಸುತ್ತದೆ. ಅಂದರೆ ನಮಗೆ ಸಿಗುವುದು 13 ಪಂದ್ಯ, ತವರಿನಲ್ಲಿ ಹೆಚ್ಚೆಂದರೆ ಏಳು. ಕೇರಳದ ಜೊತೆ ಜಗಳಕ್ಕೂ ಒಂದೇ ಅವಕಾಶ. ಹಬ್ಬದೂಟ ಇಲ್ಲದಿದ್ದರೆ ಬೇಡ, ಒಲೆ ಹತ್ತಿತಲ್ಲ!

ಈ ಸಲ ನಮ್ಮ ಸುತ್ತ ಯಾರಿಗೆ ಏನು ಆಸೆ ಎಂದು ಪಟ್ಟಿ ಮಾಡಿದೆ. ಅಣ್ಣನಿಗೆ ಕಪ್ ಬೇಕು, ಅದೂ 41 ದಾಟಿರುವ ಚೆಟ್ರಿ ಬೂಟು ಬಿಚ್ಚಿಡುವ ಮೊದಲು. ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟು ಭಾರತದ ಪೌರತ್ವ ಪಡೆದ ರಯಾನ್ ವಿಲಿಯಮ್ಸ್ ನಮ್ಮ ತಂಡದಿಂದಲೇ ದೇಶಕ್ಕಾಗಿ ಮಿಂಚಲಿ ಎಂಬುದು ಅವನ ಇನ್ನೊಂದು ಆಸೆ. ಅಂಗಡಿಗೆ ಬರುವ ಬತ್ತೇರಿಯ ಡ್ರೈವರಣ್ಣನಿಗೆ ನಮ್ಮನ್ನು ಸೋಲಿಸಿದರೆ ಸಾಕು, ಕಪ್ ಯಾರು ಗೆದ್ದರೂ ಚಿಂತೆಯಿಲ್ಲ. ನನ್ನದು ಸಣ್ಣದು. ವೇಳಾಪಟ್ಟಿ ಮಧ್ಯದಲ್ಲಿ ನಿಲ್ಲದಿರಲಿ, ದುಡಿದವರಿಗೆ ಸಂಬಳ ಆಗಲಿ, ಮುಂದಿನ ಸೀಸನ್ ಯಾವಾಗ ಎಂಬುದು ಈ ಸೀಸನ್ ಮುಗಿಯುವುದರೊಳಗೆ ಗೊತ್ತಾಗಲಿ.

ಅವ್ವನನ್ನು ಒಪ್ಪಿಸುವುದು ಮಾತ್ರ ಈ ಸಲ ಸುಲಭವಿರಲಿಲ್ಲ. ಕಳೆದ ಜೂನ್ 4ರಂದು, ಆರ್‌ಸಿಬಿ ಕಪ್ ಗೆದ್ದ ಸಂಭ್ರಮದ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಬಹುಪಾಲು ನಮ್ಮ ವಯಸ್ಸಿನವರೇ. ಆ ಜಾಗ ಕಂಠೀರವದಿಂದ ಕಬ್ಬನ್ ಪಾರ್ಕಿನ ಇನ್ನೊಂದು ತುದಿ, ಅಷ್ಟೇ. ‘ಮ್ಯಾಚ್ ನೋಡಕೆ ಓದ ಮಕ್ಕಳು ಮನೆಗೆ ಬರ್ನಿಲ್ಲ’ ಎಂದು ಅವ್ವ ಟಿ.ವಿ. ಮುಂದೆ ಕೂತು ಅತ್ತಿದ್ದಳು. ನಾನು ವಾದ ಮಾಡಲಿಲ್ಲ. ಅವಳ ಭಯಕ್ಕೆ ಉತ್ತರ ಕೊಡಬೇಕಾದವರು ಸ್ಟೇಡಿಯಂ ನಡೆಸುವವರು: ಎಷ್ಟು ಸೀಟೋ ಅಷ್ಟೇ ಟಿಕೆಟ್, ತೆರೆದ ಗೇಟು, ಹೊರಗೆ ಹೋಗಲು ಅಗಲವಾದ ದಾರಿ. ಇವೂ ನನ್ನ ಆಸೆಯ ಪಟ್ಟಿಯಲ್ಲಿವೆ.

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಮತ್ತೆ ಮಾತು ತೆಗೆದೆ. ಅವ್ವ ಮುದ್ದೆ ಮುರಿಯುತ್ತಾ ಸುಮ್ಮನಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅಪ್ಪನೇ ಬಾಯಿ ಬಿಟ್ಟ.

‘ಕೂಸನ್ನ ಒಬ್ಬಳ್ನೇ ಕಳಿಸಾದು ಬ್ಯಾಡ. ಈ ಸಲ ನಾನೂ ಬತ್ತಿನಿ.’

ನನಗೆ ಬಾಯಿಯೇ ಬರಲಿಲ್ಲ. ‘ನೀನಾ? ಕಂಠೀರವಕ್ಕಾ?’

‘ಹೂಂ ಕನಾ. ಅವತ್ತು ಓದಾಗ ಕಣ್ಣೀರಲ್ಲಿ ಏನೂ ಕಾಣ್ನಿಲ್ಲ. ಜಾಗ ಎಂಗದೆ ಅಂತ ನೋಡ್ಬೇಕು’ ಅಂದವನು, ಎದ್ದು ಕೈ ತೊಳೆಯುತ್ತಾ ಸೇರಿಸಿದ: ‘ಆದ್ರೆ ನಂಗೇನ್ ಫ್ರೀ ಬಸ್ಸಾ? ನನ್ ಬಸ್ ಚಾರ್ಜು ನೀನೇ ಕೊಡ್ಬೇಕು.’

ಟ್ಯೂಷನ್‌ಗೆ ಇನ್ನಿಬ್ಬರು ಮಕ್ಕಳನ್ನು ಸೇರಿಸಿಕೊಂಡಿದ್ದೇನೆ.